ಗಿಟ್‌ನಲ್ಲಿ ಇದ್ದದ್ದೇ ಪೊಟ್ಟಣದಲ್ಲಿ ಗಿಟ್ಟಬೇಕು

ಅರ್ಧ ಸೆಕೆಂಡಿನಲ್ಲಿ ಏನೇನು ಮಾಡಬಹುದು? ಒಂದು ಚಿಟಿಕೆ ಹೊಡೆಯಬಹುದು. ಒಂದು ಸಲ ಕಣ್ಣು ಮಿಟುಕಿಸಬಹುದು. ಇನ್ನೇನಾದೀತು ಎನ್ನುತ್ತೀರಾ? 2024ರ ಮಾರ್ಚ್ ತಿಂಗಳಲ್ಲಿ ಒಂದು ಅರ್ಧ ಸೆಕೆಂಡು, ಜಗತ್ತಿನ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳು ಕಳ್ಳರ ಕೈಸೇರುವುದನ್ನು ತಪ್ಪಿಸಿತು!

ಆ ದಿನಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಪಾಡಿಗೆ ತಾವು ‘ಪೋಸ್ಟ್‌ಗ್ರೆಸ್’ ಎಂಬ ದತ್ತಾಂಶ ತಂತ್ರಾಂಶದ ವೇಗ ಅಳೆಯುತ್ತ ಕುಳಿತಿದ್ದರು. ಅವರ ಯಂತ್ರದಲ್ಲಿದ್ದುದು ಲಿನಕ್ಸ್ ಬಳಗಕ್ಕೆ ಸೇರಿದ ‘ಡೆಬಿಯನ್’ ಎಂಬ ಕಾರ್ಯಾಚರಣ ವ್ಯವಸ್ಥೆ. ಅದರಲ್ಲೂ ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಆವೃತ್ತಿ. ದೂರದಿಂದ ಬಂದವರನ್ನು ತಪಾಸಣೆ ಮಾಡಿ ಕಂಪ್ಯೂಟರಿನೊಳಕ್ಕೆ ಬಿಡುವ ‘ಎಸ್‌ಎಸ್‌ಎಚ್’ ಎಂಬ ದ್ವಾರಪಾಲಕ ತಂತ್ರಾಂಶ ಯಾಕೋ ತಡವರಿಸುತ್ತಿದೆ ಅನ್ನಿಸಿತು. ಅಳೆದು ನೋಡಿದರು. 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 0.807 ಸೆಕೆಂಡು ಹಿಡಿಯುತ್ತಿತ್ತು. ಬೇರೆಯವರಾಗಿದ್ದರೆ ‘ಹೋಗಲಿ ಬಿಡು’ ಎಂದು ಕಾಫಿಗೆ ಎದ್ದು ಹೋಗುತ್ತಿದ್ದರೇನೋ. ಈ ಪುಣ್ಯಾತ್ಮ ಹೋಗಲಿಲ್ಲ. ಚಿತ್ರದುರ್ಗದ ಕಿಂಡಿಯ ಬಳಿ ಸದ್ದು ಕೇಳಿಸಿಕೊಂಡ ಓಬವ್ವನ ಹಾಗೆ ಅಲ್ಲೇ ನಿಂತು ಕಿವಿಗೊಟ್ಟರು.

ಎಳೆ ಹಿಡಿದು ಹೋದಾಗ ಸಿಕ್ಕಿದ್ದು ‘ಎಕ್ಸ್‌ಝಡ್’ ಎಂಬ ಪುಟ್ಟ ತಂತ್ರಾಂಶ. ದೊಡ್ಡ ಕಡತಗಳನ್ನು ಅಮುಕಿ ಚಿಕ್ಕದಾಗಿಸುವುದು ಅದರ ಕಸುಬು. ಅದರ 5.6.0 ಮತ್ತು 5.6.1 ಎಂಬ ಎರಡು ಹೊಸ ಆವೃತ್ತಿಗಳಲ್ಲಿ ಯಾರೋ ಕಳ್ಳಗಿಂಡಿ ಕೊರೆದಿದ್ದರು. ಗುಪ್ತ ಕೀಲಿಕೈ ಇಟ್ಟುಕೊಂಡವನು ದ್ವಾರಪಾಲಕನ ಕಣ್ಣೆದುರೇ ಒಳನುಗ್ಗಿ, ಮನೆಯೊಡೆಯನಂತೆ ಬೇಕಾದ್ದನ್ನು ಮಾಡಬಹುದಿತ್ತು. ಮಾರ್ಚ್ 29ರಂದು ಫ್ರಾಯಿಂಡ್ ಇದನ್ನು ಬಹಿರಂಗಪಡಿಸಿದರು. ಅಪಾಯದ ಅಳತೆಗೋಲಿನಲ್ಲಿ ಇದಕ್ಕೆ ಸಿಕ್ಕಿದ್ದು ಹತ್ತಕ್ಕೆ ಹತ್ತು ಅಂಕ. ಡೆಬಿಯನ್, ಫೆಡೋರಾ, ಓಪನ್‌ಸೂಸೆ ಮೊದಲಾದವುಗಳ ಮುಂಚೂಣಿ ಆವೃತ್ತಿಗಳಿಗೆ ಅದು ಆಗಲೇ ಹೊಕ್ಕಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಇನ್ನೂ ತಲುಪಿರಲಿಲ್ಲ, ಅಷ್ಟೇ ಪುಣ್ಯ.

ಕಳ್ಳತನದ ಕಥೆ ಇಷ್ಟೇ ಆಗಿದ್ದರೆ ಈ ಅಂಕಣದಲ್ಲಿ ಅದಕ್ಕೆ ಜಾಗ ಇರುತ್ತಿರಲಿಲ್ಲ. ನಮಗೆ ಮುಖ್ಯವಾದ ಪ್ರಶ್ನೆ ಬೇರೆ: ಎಕ್ಸ್‌ಝಡ್‌ನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದಬಹುದಾದ ‘ಗಿಟ್’ ಭಂಡಾರದಲ್ಲಿ ಬಹಿರಂಗವಾಗಿಯೇ ಇತ್ತು. ಹಾಗಿದ್ದೂ ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ಉತ್ತರ ಸರಳ. ಕಿಂಡಿಯನ್ನು ತೆರೆಯುವ ಆ ಮುಖ್ಯ ಸಾಲುಗಳು ಭಂಡಾರದಲ್ಲಿ ಇರಲೇ ಇಲ್ಲ! ಪೊಟ್ಟಣ ಕಟ್ಟುವವರಿಗೆಂದು ಪ್ರತ್ಯೇಕವಾಗಿ ಕೊಟ್ಟ ಗಂಟಿನಲ್ಲಿ ಮಾತ್ರ ಇದ್ದವು. ಭಂಡಾರಕ್ಕೂ ಪೊಟ್ಟಣಕ್ಕೂ ನಡುವೆ ಕೊಂಡಿ ಸಡಿಲವಾಗಿತ್ತು. ಆ ಸಂದಿಯಲ್ಲೇ ಕಳ್ಳ ತೂರಿದ್ದ.

ಈ ಕೊಂಡಿಯನ್ನು ಬಿಗಿ ಮಾಡುವುದು ಹೇಗೆ? ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ ಇದು ಪಠ್ಯಪುಸ್ತಕದಲ್ಲಿ ಸಿಗುವ ವಿಷಯವಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎದುರಾಗುವ ವಿಷಯ.

ಸಾರಿನ ಪುಡಿಯ ಲೆಕ್ಕ

ಎಲ್ಲರಿಗೂ ಪರಿಚಯವಿರುವ ಅಡುಗೆಮನೆಯಿಂದಲೇ ಶುರು ಮಾಡೋಣ.

ಒಂದು ಮನೆಯ ಸಾರಿನ ಪುಡಿ ಊರಿಗೆಲ್ಲ ಹೆಸರುವಾಸಿ ಅನ್ನಿ. ಆ ಮನೆಯ ಅಜ್ಜಿ ಒಂದು ನೋಟುಪುಸ್ತಕ ಇಟ್ಟಿದ್ದಾರೆ. ಕೊತ್ತಂಬರಿ ಬೀಜ ಇಷ್ಟು, ಬ್ಯಾಡಗಿ ಮೆಣಸಿನಕಾಯಿ ಇಷ್ಟು, ಜೀರಿಗೆ, ಮೆಣಸು, ಮೆಂತ್ಯ ಇಷ್ಟಿಷ್ಟು ಎಂದು ಬರೆದಿದ್ದಾರೆ. ಏನಾದರೂ ಬದಲಿಸಿದರೆ ಹಳೆಯದನ್ನು ಅಳಿಸುವುದಿಲ್ಲ. ಕೆಳಗೆ ತಾರೀಖು ಹಾಕಿ, ‘ಮೆಂತ್ಯ ಕಹಿಯಾಯಿತು, ಅರ್ಧ ಚಮಚ ಕಡಿಮೆ’ ಎಂದು ಕಾರಣ ಸಮೇತ ಬರೆಯುತ್ತಾರೆ. ಸೊಸೆ ಬದಲಿಸಿದರೆ ಸೊಸೆಯ ಹೆಸರು, ಮೊಮ್ಮಗಳು ಬದಲಿಸಿದರೆ ಮೊಮ್ಮಗಳ ಹೆಸರು. ಈ ನೋಟುಪುಸ್ತಕವೇ ಗಿಟ್ ಭಂಡಾರ.

ಹಿಟ್ಟಿನ ಗಿರಣಿ, ತಕ್ಕಡಿ, ಪೊಟ್ಟಣಕ್ಕೆ ಅಂಟು ಹಾಕುವ ಯಂತ್ರ ಇವೆಲ್ಲ ಸೇರಿದ್ದು ‘ಬಿಲ್ಡ್ ವ್ಯವಸ್ಥೆ’. ಅಂಗಡಿಯಲ್ಲಿ ನಿಮ್ಮ ಕೈಗೆ ಬರುವ, ಮೇಲೆ ಚೀಟಿ ಅಂಟಿಸಿದ ಪೊಟ್ಟಣವೇ ‘ಪ್ಯಾಕೇಜ್’. ನೋಟುಪುಸ್ತಕದಲ್ಲಿ ಇರುವುದೇ ಪೊಟ್ಟಣದಲ್ಲೂ ಇರಬೇಕು. ನೋಟುಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಗಿರಣಿಗೆ ಹೋದ ಚೀಲದಲ್ಲಿ ಬೇರೇನೋ ಬೆರೆತಿದ್ದರೆ ಏನು ಪ್ರಯೋಜನ?

ಈಗ ಗಿಟ್ ಎಂದರೇನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಲಿನಕ್ಸ್ ಬರೆಯುವವರು ತಮ್ಮ ಬದಲಾವಣೆಗಳ ಲೆಕ್ಕ ಇಡಲು ‘ಬಿಟ್‌ಕೀಪರ್’ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿದ್ದರು. 2005ರಲ್ಲಿ ಅದರ ಉಚಿತ ಬಳಕೆಗೆ ಕತ್ತರಿ ಬಿತ್ತು. ಲಿನಕ್ಸ್‌ನ ಜನಕ ಲಿನಸ್ ತೋರ್ವಾಲ್ಡ್ಸ್ ಸಿಟ್ಟಾಗಿ ಕೂರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ತಾವೇ ಒಂದನ್ನು ಬರೆದರು. ಹೆಸರು ‘ಗಿಟ್’. ಇಂಗ್ಲೆಂಡಿನ ಆಡುಮಾತಿನಲ್ಲಿ ಅದೊಂದು ಬೈಗುಳ. ನಮಗೆ ಹಾಗೇನಿಲ್ಲ, ಕನ್ನಡದಲ್ಲಿ ಗಿಟ್ಟುವುದು ಎಂದರೆ ದಕ್ಕುವುದು! ಕಳೆದುಹೋಯಿತು ಅಂದುಕೊಂಡದ್ದೂ ಇಲ್ಲಿ ಗಿಟ್ಟುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ.

ಗಿಟ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆಗೂ ‘ಕಮಿಟ್’ ಎನ್ನುತ್ತಾರೆ. ಯಾರು, ಯಾವಾಗ, ಏಕೆ, ಏನು ಬದಲಿಸಿದರು ಎಂಬುದು ಅದರಲ್ಲಿರುತ್ತದೆ. ಜೊತೆಗೆ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಗುರುತಿನ ಸಂಖ್ಯೆ. ಇದು ಯಾರೋ ಕೊಟ್ಟ ಸರದಿ ಸಂಖ್ಯೆಯಲ್ಲ. ಕಡತಗಳ ಒಳಗಿನ ಬರಹವನ್ನೂ ಹಿಂದಿನ ಕಮಿಟ್‌ನ ಸಂಖ್ಯೆಯನ್ನೂ ಸೇರಿಸಿ ಗಣಿತದಿಂದ ಪಡೆದದ್ದು, ಬೆರಳಚ್ಚಿನ ಹಾಗೆ. ಎಲ್ಲೋ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಅದರ ನಂತರದ ಎಲ್ಲ ಕಮಿಟ್‌ಗಳ ಬೆರಳಚ್ಚೂ ಬದಲಾಗುತ್ತದೆ. ಆದ್ದರಿಂದ ಹಳೆಯ ಪುಟವನ್ನು ಗುಟ್ಟಾಗಿ ತಿದ್ದಿ ಏನೂ ಆಗಿಲ್ಲವೆಂಬಂತೆ ಇರುವುದು ಬಲು ಕಷ್ಟ. ‘ಇದು ಊರಿಗೆ ಕೊಡಬಹುದಾದ ಆವೃತ್ತಿ’ ಎಂದು ಒಂದು ಕಮಿಟ್‌ಗೆ ಹೆಸರಿನ ಚೀಟಿ ಅಂಟಿಸಬಹುದು. ಅದೇ ‘ಟ್ಯಾಗ್’. ಟ್ಯಾಗ್‌ಗೆ ಡಿಜಿಟಲ್ ಸಹಿಯನ್ನೂ ಹಾಕಬಹುದು.

ಗಿರಣಿ ಮನೆಯಲ್ಲಿ

ಪೊಟ್ಟಣದ ಕಡೆಗೆ ಬರೋಣ. ಡೆಬಿಯನ್ ಹುಟ್ಟಿದ್ದು 1993ರ ಆಗಸ್ಟ್‌ನಲ್ಲಿ. ಇಯನ್ ಮರ್ಡಾಕ್ ಎಂಬ ಯುವಕ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಕೂಡಿಸಿ ಇಟ್ಟ ಹೆಸರದು. ಅಲ್ಲಿ ಪ್ರತಿ ತಂತ್ರಾಂಶವೂ ‘ಡೆಬ್’ ಎಂಬ ಪೊಟ್ಟಣವಾಗಿ ಬರುತ್ತದೆ. ಫೆಡೋರಾ, ಓಪನ್‌ಸೂಸೆಗಳಲ್ಲಿ ‘ಆರ್‌ಪಿಎಂ’ ಪೊಟ್ಟಣ.

ಡೆಬಿಯನ್ ಪೊಟ್ಟಣವೊಂದರ ಮೂಲದಲ್ಲಿ ‘ಡೆಬಿಯನ್’ ಎಂಬ ಹೆಸರಿನದೇ ಒಂದು ಕಡತಕೋಶ ಇರುತ್ತದೆ. ಅದರಲ್ಲಿ ‘ಕಂಟ್ರೋಲ್’ ಎಂಬ ಕಡತ ಪೊಟ್ಟಣದ ಹೆಸರನ್ನೂ, ಅದಕ್ಕೆ ಬೇಕಾದ ಇತರ ಪೊಟ್ಟಣಗಳ ಪಟ್ಟಿಯನ್ನೂ ಹೇಳುತ್ತದೆ. ‘ರೂಲ್ಸ್’ ಎಂಬುದು ಮಾಡುವ ವಿಧಾನ. ‘ಚೇಂಜ್‌ಲಾಗ್’ ಎಂಬುದು ಆವೃತ್ತಿಗಳ ದಿನಚರಿ. ಬಿಲ್ಡ್ ಯಂತ್ರ ಒಂದು ಖಾಲಿ ಕೋಣೆಯನ್ನು ಸಿದ್ಧಮಾಡಿಕೊಳ್ಳುತ್ತದೆ. ನಿಜವಾದ ಕೋಣೆಯಲ್ಲ, ಕಂಪ್ಯೂಟರಿನೊಳಗೇ ಪ್ರತ್ಯೇಕಿಸಿದ ಶುಭ್ರ ಆವರಣ. ಪಟ್ಟಿಯಲ್ಲಿ ಬರೆದ ಸಾಮಾನುಗಳನ್ನು ಮಾತ್ರ ಅಲ್ಲಿ ಇಟ್ಟು, ವಿಧಾನದಲ್ಲಿ ಹೇಳಿದ ಹಾಗೆ ಮಾಡಿ, ಪೊಟ್ಟಣ ಕಟ್ಟುತ್ತದೆ. ಫೆಡೋರಾದಲ್ಲಿ ಈ ಕೆಲಸ ಮಾಡುವ ವ್ಯವಸ್ಥೆಯ ಹೆಸರು ‘ಕೋಜಿ’; ಓಪನ್‌ಸೂಸೆಯಲ್ಲಿ ‘ಓಪನ್ ಬಿಲ್ಡ್ ಸರ್ವೀಸ್’.

ಖಾಲಿ ಕೋಣೆ ಏಕೆ ಬೇಕು? ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಗಳಲ್ಲಿ ದಿನವೂ ಕೇಳಿಬರುವ ಒಂದು ಮಾತಿದೆಯಲ್ಲ: ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ ಸರ್!’ ಓಡುತ್ತದೆ, ನಿಜ. ಯಾಕೆಂದರೆ ಆ ಲ್ಯಾಪ್‌ಟಾಪಿನಲ್ಲಿ ಆರು ತಿಂಗಳ ಹಿಂದೆ ಯಾವುದೋ ಕಾರಣಕ್ಕೆ ಹಾಕಿಕೊಂಡ ಯಾವುದೋ ಒಂದು ಸಾಮಾನು ಮೂಲೆಯಲ್ಲಿದೆ. ಅದಿಲ್ಲದ ಯಂತ್ರದಲ್ಲಿ ಓಡುವುದಿಲ್ಲ. ಖಾಲಿ ಕೋಣೆಯಲ್ಲಿ ಕಟ್ಟಿದರೆ ಈ ಮರೆತ ಸಾಮಾನು ತಕ್ಷಣ ಬಯಲಾಗುತ್ತದೆ.

ಗಂಟಿನೊಳಗಿನ ಗುಟ್ಟು

ಹಾಗಿದ್ದರೆ ಬಿಲ್ಡ್ ಯಂತ್ರ ನೇರವಾಗಿ ಗಿಟ್‌ನಿಂದಲೇ ಮೂಲ ಬರಹವನ್ನು ಎತ್ತಿಕೊಳ್ಳಬಹುದಲ್ಲ? ಇಲ್ಲೇ ಇತಿಹಾಸ ಅಡ್ಡ ಬರುತ್ತದೆ. ಡೆಬಿಯನ್ 1993ರದು, ಗಿಟ್ 2005ರದು. ತಮ್ಮ ಹಿರಿಯಣ್ಣನಿಗಿಂತ 12 ವರ್ಷ ಚಿಕ್ಕವ! ಗಿಟ್ ಬರುವ ಮುಂಚಿನ ಪದ್ಧತಿ ಹೀಗಿತ್ತು: ತಂತ್ರಾಂಶ ಬರೆದವರು ತಮ್ಮ ಯಂತ್ರದಲ್ಲಿ ಎಲ್ಲ ಕಡತಗಳನ್ನು ಒಟ್ಟು ಮಾಡಿ ಒಂದು ಗಂಟು ಕಟ್ಟುತ್ತಿದ್ದರು. ಈ ಗಂಟಿಗೆ ‘ಟಾರ್‌ಬಾಲ್’ ಎನ್ನುತ್ತಾರೆ. ಪೊಟ್ಟಣ ಕಟ್ಟುವವರು ಅದನ್ನು ಇಳಿಸಿಕೊಂಡು, ತಮ್ಮ ತಿದ್ದುಪಡಿ ಸೇರಿಸಿ ಬಿಲ್ಡ್ ಯಂತ್ರಕ್ಕೆ ಕೊಡುತ್ತಿದ್ದರು. ಗಿಟ್ ಬಂದ ಮೇಲೂ ಈ ಗಂಟಿನ ಸಂಪ್ರದಾಯ ಬಹುಪಾಲು ಹಾಗೆಯೇ ಮುಂದುವರಿಯಿತು.

ಗಂಟಿನಲ್ಲಿ ಭಂಡಾರಕ್ಕಿಂತ ಹೆಚ್ಚಿನ ಕಡತಗಳು ಇರುವುದು ಸಹಜವೇ. ಉದಾಹರಣೆಗೆ, ಬೇರೆ ಬೇರೆ ಯಂತ್ರಗಳಿಗೆ ತಂತ್ರಾಂಶವನ್ನು ಹೊಂದಿಸುವ ‘ಕಾನ್ಫಿಗರ್’ ಎಂಬ ಕಡತ. ಇದನ್ನು ಮನುಷ್ಯರು ಬರೆಯುವುದಿಲ್ಲ, ಇನ್ನೊಂದು ತಂತ್ರಾಂಶ ತಯಾರಿಸುತ್ತದೆ. ಸಾವಿರಾರು ಸಾಲು. ಅದನ್ನು ಕೂತು ಓದುವ ತಾಳ್ಮೆ ಯಾರಿಗಿದೆ?

ಎಕ್ಸ್‌ಝಡ್ ಕಳ್ಳ ಇದನ್ನು ಚೆನ್ನಾಗಿ ಅರಿತಿದ್ದ. ‘ಜಿಯಾ ತಾನ್’ ಎಂಬ ಹೆಸರಿನಲ್ಲಿ 2021ರಿಂದಲೇ ಆ ವಲಯದಲ್ಲಿ ಕಾಣಿಸಿಕೊಂಡಿದ್ದ. ಅದು ನಿಜ ಹೆಸರೋ, ಹಿಂದೆ ಇದ್ದದ್ದು ಒಬ್ಬರೋ ಹಲವರೋ, ಬಯಲಾಗಿಲ್ಲ. ಸಂಬಳವಿಲ್ಲದೆ, ಹೆಚ್ಚುಕಡಿಮೆ ಒಂಟಿಯಾಗಿ ಎಕ್ಸ್‌ಝಡ್ ಅನ್ನು ನೋಡಿಕೊಂಡು ಬಂದಿದ್ದ ನಿರ್ವಾಹಕರಿಗೆ ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ, ಅವರ ವಿಶ್ವಾಸ ಗಳಿಸಿ, ಕೊನೆಗೆ ಗಂಟು ಕಟ್ಟುವ ಅಧಿಕಾರವನ್ನೇ ಪಡೆದ. ಆಮೇಲೆ ಗಂಟಿನಲ್ಲಿ ಮಾತ್ರ ಒಂದು ಸಣ್ಣ ಕಡತದೊಳಗೆ ಕೆಲವು ಸಾಲುಗಳನ್ನು ಸೇರಿಸಿದ. ತಂತ್ರಾಂಶ ಕಟ್ಟುವ ಹೊತ್ತಿನಲ್ಲಿ ಆ ಸಾಲುಗಳು ಎಚ್ಚೆತ್ತು, ‘ಪರೀಕ್ಷೆಗಾಗಿ ಇಟ್ಟ ಕೆಟ್ಟ ಕಡತ’ ಎಂಬ ಸೋಗಿನಲ್ಲಿದ್ದ ಇನ್ನೊಂದು ಕಡತದಿಂದ ವಿಷವನ್ನು ಹೊರತೆಗೆದು ಬೆರೆಸುತ್ತಿದ್ದವು.

ಎಲ್ಲಕ್ಕಿಂತ ಬೆಚ್ಚಿಬೀಳಿಸುವ ಸಂಗತಿ ಮುಂದಿದೆ. ಆ ಸಾಲುಗಳು ಮೊದಲು ಸುತ್ತ ಕಣ್ಣಾಡಿಸುತ್ತಿದ್ದವು. ಇಲ್ಲಿ ಕಟ್ಟುತ್ತಿರುವುದು ಡೆಬ್ ಅಥವಾ ಆರ್‌ಪಿಎಂ ಪೊಟ್ಟಣವೇ? ಹೌದಾದರೆ ಕೆಲಸ ಶುರು. ಯಾರೋ ವಿದ್ಯಾರ್ಥಿ ಕುತೂಹಲಕ್ಕೆ ತನ್ನ ಮನೆಯಲ್ಲಿ ಕಟ್ಟುತ್ತಿದ್ದರೆ ತೆಪ್ಪಗಿರುತ್ತಿದ್ದವು! ಕಳ್ಳ ಹೊಂಚು ಹಾಕಿದ್ದು ಪೊಟ್ಟಣ ಕಟ್ಟುವ ಗಿರಣಿಗೇ.

ಕೊಂಡಿ ಹಾಕುವ ಬಗೆ

ಭಂಡಾರವನ್ನು ಬಿಲ್ಡ್ ವ್ಯವಸ್ಥೆಗೆ ಜೋಡಿಸಲು ಬೇರೆ ಬೇರೆ ಬಳಗಗಳು ಬೇರೆ ಬೇರೆ ದಾರಿ ಹಿಡಿದಿವೆ.

ಡೆಬಿಯನ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಗಿಟ್-ಬಿಲ್ಡ್‌ಪ್ಯಾಕೇಜ್’ ಎಂಬ ಸಲಕರಣೆ. ಇಲ್ಲಿ ಒಂದೇ ಭಂಡಾರದಲ್ಲಿ ಎರಡು ಕೊಂಬೆಗಳಿರುತ್ತವೆ. ಒಂದರಲ್ಲಿ ತಂತ್ರಾಂಶ ಬರೆದವರ ಮೂಲ, ಇನ್ನೊಂದರಲ್ಲಿ ಅದರ ಮೇಲೆ ಡೆಬಿಯನ್‌ನವರ ಸೇರ್ಪಡೆ. ಕಟ್ಟು ಎಂದು ಆಜ್ಞೆ ಕೊಟ್ಟಾಗ ಅದು ಮೊದಲು ಭಂಡಾರವನ್ನು ತಪಾಸಣೆ ಮಾಡುತ್ತದೆ. ನೀವು ಏನನ್ನೋ ತಿದ್ದಿ ಕಮಿಟ್ ಮಾಡುವುದನ್ನು ಮರೆತಿದ್ದರೆ, ‘ದಾಖಲಾಗದ ಬದಲಾವಣೆ ಇದೆ’ ಎಂದು ತಕರಾರು ತೆಗೆದು ಅಲ್ಲೇ ನಿಲ್ಲುತ್ತದೆ. ಸಹಿ ಇಲ್ಲದ ಅರ್ಜಿಯನ್ನು ವಾಪಸು ಕಳಿಸುವ ಗುಮಾಸ್ತನ ಹಾಗೆ. ಮೊದಮೊದಲು ಕಿರಿಕಿರಿ, ಆದರೆ ಈ ಹಠವೇ ಕೊಂಡಿಯ ಬಲ. ಲೇಖಕರ ಗಂಟನ್ನು ಭಂಡಾರಕ್ಕೆ ತಂದುಕೊಳ್ಳುವಾಗ, ಲೇಖಕರದೇ ಗಿಟ್ ಟ್ಯಾಗನ್ನು ಅದರ ಪಕ್ಕಕ್ಕೆ ಜೋಡಿಸುವ ಸೌಲಭ್ಯವೂ ಇದರಲ್ಲಿದೆ. ಹಾಗೆ ಜೋಡಿಸಿಟ್ಟರೆ, ಗಂಟಿನಲ್ಲಿ ಇದ್ದು ಭಂಡಾರದಲ್ಲಿ ಇಲ್ಲದ್ದು ಯಾವುದೆಂದು ಒಂದೇ ಆಜ್ಞೆಯಲ್ಲಿ ಹೋಲಿಸಿ ನೋಡಬಹುದು.

ಫೆಡೋರಾದವರದು ಇನ್ನೊಂದು ರೀತಿ. 2010ರಲ್ಲಿ ಅವರು ತಮ್ಮ ಪೊಟ್ಟಣಗಳ ದಾಖಲೆಯನ್ನೆಲ್ಲ ‘ಸಿವಿಎಸ್’ ಎಂಬ ಹಳೆಯ ಪದ್ಧತಿಯಿಂದ ಗಿಟ್‌ಗೆ ಸಾಗಿಸಿದರು. ಮಾಡುವ ವಿಧಾನ, ತಿದ್ದುಪಡಿ ಇವು ಗಿಟ್‌ನಲ್ಲಿ. ಲೇಖಕರ ದೊಡ್ಡ ಗಂಟು ಪಕ್ಕದ ಉಗ್ರಾಣದಲ್ಲಿ. ಆ ಗಂಟಿನ ಬೆರಳಚ್ಚು ಮಾತ್ರ ಗಿಟ್‌ನಲ್ಲಿ. ಕೋಜಿ ಯಂತ್ರಕ್ಕೆ ‘ಇದನ್ನು ಕಟ್ಟು’ ಎಂದು ಹೇಳುವುದು ಒಂದು ಕಮಿಟ್‌ನ ಗುರುತಿನ ಮೂಲಕ. ಹೀಗಾಗಿ ವರ್ಷಗಳ ನಂತರವೂ ಯಾವ ಪೊಟ್ಟಣ ಯಾವ ಕಮಿಟ್‌ನಿಂದ ಹುಟ್ಟಿತು ಎಂದು ಹೇಳಬಹುದು. ಅಚ್ಚುಕಟ್ಟಾದ ವ್ಯವಸ್ಥೆಯೇ. ಆದರೂ ಎಕ್ಸ್‌ಝಡ್ ವಿಷ ಫೆಡೋರಾಕ್ಕೂ ಹೊಕ್ಕಿತ್ತಲ್ಲ? ಬೆರಳಚ್ಚು ಹೇಳುವುದು ಇಷ್ಟೇ: ‘ಲೇಖಕರು ಕೊಟ್ಟ ಗಂಟು ದಾರಿಯಲ್ಲಿ ಬದಲಾಗಿಲ್ಲ’. ಕೊಟ್ಟವನೇ ಬೆರೆಸಿಕೊಟ್ಟಿದ್ದರೆ? ಮೊಹರು ಸರಿಯಾಗಿತ್ತು, ಗಂಟೇ ಸರಿ ಇರಲಿಲ್ಲ!

ಆದ್ದರಿಂದ ಮೂರನೆಯ ದಾರಿ: ಗಂಟನ್ನು ಬಿಟ್ಟು ನೇರ ಭಂಡಾರಕ್ಕೇ ಕೈ ಹಾಕುವುದು. ಆರ್ಚ್ ಲಿನಕ್ಸ್ ಬಳಗ ಎಕ್ಸ್‌ಝಡ್ ಪ್ರಕರಣ ಬಯಲಾದ ಕೂಡಲೇ ಆ ಪೊಟ್ಟಣವನ್ನು ಗಂಟಿನ ಬದಲು ಗಿಟ್‌ನಿಂದಲೇ ಕಟ್ಟತೊಡಗಿತು. ಡೆಬಿಯನ್‌ನಲ್ಲಿ ‘ಟ್ಯಾಗ್-ಟು-ಅಪ್‌ಲೋಡ್’ ಎಂಬ ವ್ಯವಸ್ಥೆ ಹಲವು ವರ್ಷಗಳ ಬಿಸಿ ಬಿಸಿ ಚರ್ಚೆಯ ನಂತರ 2025ರಲ್ಲಿ ಬಳಕೆಗೆ ಬಂತು. ಪೊಟ್ಟಣದ ಹೊಣೆ ಹೊತ್ತವರು ಗಿಟ್‌ನಲ್ಲಿ ಒಂದು ಟ್ಯಾಗ್ ಮಾಡಿ ತಮ್ಮ ಡಿಜಿಟಲ್ ಸಹಿ ಹಾಕಿದರೆ ಸಾಕು. ಡೆಬಿಯನ್‌ನ ಯಂತ್ರವೇ ಭಂಡಾರದಿಂದ ಮೂಲವನ್ನು ಎತ್ತಿಕೊಂಡು, ಮುಂದಿನ ಕಡತಗಳನ್ನೆಲ್ಲ ಸಿದ್ಧಪಡಿಸಿ ಕಳಿಸುತ್ತದೆ. ನಡುವೆ ಯಾರ ಲ್ಯಾಪ್‌ಟಾಪೂ ಇಲ್ಲ.

ಅಷ್ಟು ಸುಲಭವೇ?

ಹೇಳಿದಷ್ಟು ಸಲೀಸಲ್ಲ. ಒಂದು ನಿದರ್ಶನ ಕೊಡುತ್ತೇನೆ. ಗಿಟ್ ಭಂಡಾರಗಳನ್ನು ಇಟ್ಟುಕೊಳ್ಳುವ ಬಹು ದೊಡ್ಡ ತಾಣ ‘ಗಿಟ್‌ಹಬ್’. ಅಲ್ಲಿ ಯಾವುದೇ ಟ್ಯಾಗನ್ನು ಗಂಟಿನ ರೂಪದಲ್ಲಿ ಇಳಿಸಿಕೊಳ್ಳಬಹುದು. ಕೇಳಿದಾಗ ತಾಣವೇ ಕಟ್ಟಿಕೊಡುತ್ತದೆ. ಲೋಕದ ಎಷ್ಟೋ ಬಿಲ್ಡ್ ವ್ಯವಸ್ಥೆಗಳು ಆ ಗಂಟುಗಳ ಬೆರಳಚ್ಚನ್ನು ಬರೆದಿಟ್ಟುಕೊಂಡು, ಪ್ರತಿ ಸಲ ತಾಳೆ ನೋಡುತ್ತಿದ್ದವು. 2023ರ ಜನವರಿ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬೆರಳಚ್ಚುಗಳೆಲ್ಲ ತಪ್ಪಾದವು! ಎಲ್ಲೆಲ್ಲೂ ಬಿಲ್ಡ್‌ಗಳು ನಿಂತವು. ಯಾರಾದರೂ ಕೈಯಾಡಿಸಿದರೇ? ಇಲ್ಲ. ಗಿಟ್‌ನ ಹೊಸ ಆವೃತ್ತಿಯಲ್ಲಿ ಗಂಟನ್ನು ಅಮುಕುವ ಕ್ರಮ ಸ್ವಲ್ಪ ಬದಲಾಗಿತ್ತು, ಅಷ್ಟೇ. ಬಿಚ್ಚಿದರೆ ಒಳಗಿನ ಕಡತಗಳು ಅವೇ. ಹೊರಗಿನ ಮಡಿಕೆ ಬೇರೆ. ಗಿಟ್‌ಹಬ್ ಬೇಗನೆ ಹಳೆಯ ಕ್ರಮಕ್ಕೇ ಮರಳಿತು. ಗಂಟಿನ ಬೆರಳಚ್ಚನ್ನು ನಂಬುವ ಬದಲು ಕಮಿಟ್‌ನ ಬೆರಳಚ್ಚನ್ನು ನಂಬಿದ್ದವರಿಗೆ ಆ ದಿನ ಏನೂ ತೊಂದರೆಯಾಗಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಗಿಟ್‌ನಿಂದ ಕಟ್ಟಿದ ಮಾತ್ರಕ್ಕೆ ಮೋಸ ನಿಂತುಹೋಗುವುದಿಲ್ಲ. ಎಕ್ಸ್‌ಝಡ್‌ನ ವಿಷ ತುಂಬಿದ ‘ಪರೀಕ್ಷಾ ಕಡತಗಳು’ ಗಿಟ್ ಭಂಡಾರದಲ್ಲೇ ಇದ್ದವು. ಗಂಟಿನಲ್ಲಿ ಮಾತ್ರ ಇದ್ದದ್ದು ಅವನ್ನು ತೆರೆಯುವ ಕೀಲಿ. ಕೀಲಿಯನ್ನೂ ಭಂಡಾರದಲ್ಲೇ ಇಟ್ಟಿದ್ದರೆ? ಇಡಬಹುದಿತ್ತು. ಆದರೆ ಆಗ ಅದು ಹೆಸರು, ತಾರೀಖಿನ ಸಮೇತ ಎಲ್ಲರ ಎದುರು ದಾಖಲಾಗುತ್ತಿತ್ತು. ಕಳ್ಳ ಅದಕ್ಕೇ ಹೆದರಿದ್ದು. ಕೊಂಡಿ ಬಿಗಿಯಾದರೆ ಕಳ್ಳತನ ಅಸಾಧ್ಯವಾಗುವುದಿಲ್ಲ. ಅಡಗಲು ಮೂಲೆ ಕಡಿಮೆಯಾಗುತ್ತದೆ. ಪ್ರಕರಣ ಬಯಲಾದ ಮೇಲೆ ‘ಜಿಯಾ ತಾನ್’ ಮಾಡಿದ್ದ ಒಂದೊಂದು ಬದಲಾವಣೆಯನ್ನೂ ಹಿಂದಕ್ಕೆ ಹೋಗಿ ಜಾಲಾಡಲು ಸಾಧ್ಯವಾದದ್ದೂ ಗಿಟ್‌ನ ದಾಖಲೆಯಿಂದಲೇ.

ಎರಡು ಗಿರಣಿ, ಒಂದೇ ಪುಡಿ

ಇನ್ನೂ ಒಂದು ಸಂಶಯ ಉಳಿದಿದೆ. ನೋಟುಪುಸ್ತಕ ಸರಿ, ಚೀಲವೂ ಸರಿ. ಗಿರಣಿಯವನೇ ಬೆರಕೆ ಮಾಡಿದರೆ? ಅದಕ್ಕೊಂದು ಜಾಣ ಉಪಾಯವಿದೆ. ಒಂದೇ ಕಮಿಟ್ಟನ್ನು ಪರಸ್ಪರ ಸಂಬಂಧವಿಲ್ಲದ ಎರಡು ಯಂತ್ರಗಳಲ್ಲಿ ಕಟ್ಟಿ, ಎರಡೂ ಪೊಟ್ಟಣಗಳನ್ನು ಹೋಲಿಸುವುದು. ಒಂದೇ ಒಂದು ಬಿಟ್ ಕೂಡ ವ್ಯತ್ಯಾಸ ಇರಬಾರದು. ಇದನ್ನು ‘ಪುನರುತ್ಪಾದಿಸಬಲ್ಲ ಬಿಲ್ಡ್’ ಎನ್ನೋಣ. ಡೆಬಿಯನ್ ಬಳಗ 2013ರಲ್ಲಿ ಈ ಪ್ರಯತ್ನಕ್ಕೆ ಇಳಿಯಿತು. ಈಗ ಹಲವು ಬಳಗಗಳು ಜೊತೆಗಿವೆ.

ಒಂದೇ ಮೂಲ, ಒಂದೇ ವಿಧಾನ ಎಂದ ಮೇಲೆ ಫಲವೂ ಒಂದೇ ಅಲ್ಲವೇ ಎಂದು ಕೇಳಬಹುದು. ಅಲ್ಲ! ಎಷ್ಟೋ ತಂತ್ರಾಂಶಗಳು ತಾವು ಕಟ್ಟಲ್ಪಟ್ಟ ದಿನ, ಗಂಟೆ, ನಿಮಿಷವನ್ನು ತಮ್ಮೊಳಗೇ ಬರೆದುಕೊಳ್ಳುತ್ತವೆ. ಇಂದು ಕಟ್ಟಿದ್ದಕ್ಕೂ ನಾಳೆ ಕಟ್ಟಿದ್ದಕ್ಕೂ ವ್ಯತ್ಯಾಸ ಬಂದೇ ಬರುತ್ತದೆ. ಕಡತಗಳನ್ನು ಓದುವ ಅನುಕ್ರಮ, ಕಡತಕೋಶದ ಹೆಸರು ಇವೂ ಒಳಸೇರಬಹುದು. ಪರಿಹಾರವಾಗಿ, ಗಡಿಯಾರದ ಸಮಯದ ಬದಲು ಚೇಂಜ್‌ಲಾಗ್‌ನ ಕೊನೆಯ ನಮೂದಿನ ಸಮಯವನ್ನೋ, ಕೊನೆಯ ಕಮಿಟ್‌ನ ಸಮಯವನ್ನೋ ಕೊಡುವ ಕ್ರಮ ರೂಢಿಗೆ ಬಂತು. ಅದು ಎಂದೂ ಬದಲಾಗುವುದಿಲ್ಲವಲ್ಲ.

ನಿಮ್ಮ ಮೇಜಿನ ಮೇಲೆ

ವಿದ್ಯಾರ್ಥಿಗಳೇ, ಈಗ ನಿಮ್ಮ ಕಂಪ್ಯೂಟರನ್ನು ತೆರೆದು ನೋಡಿ. ‘ಪ್ರಾಜೆಕ್ಟ್-ಫೈನಲ್’, ‘ಫೈನಲ್-2’, ‘ನಿಜವಾದ-ಫೈನಲ್’ ಎಂಬ ಕಡತಕೋಶಗಳು ಕಂಡವೇ? ನಾಚಿಕೊಳ್ಳಬೇಡಿ. ಎಕ್ಸ್‌ಝಡ್ ಪ್ರಕರಣದಲ್ಲಿ ಡೆಬಿಯನ್‌ನಂಥ ಡೆಬಿಯನ್ನೇ ಹಳೆಯ ಸುರಕ್ಷಿತ ಆವೃತ್ತಿಗೆ ಮರಳುವಾಗ ಹೀಗೆಯೇ ಮಾಡಿತು. ಪೊಟ್ಟಣದ ಸಂಖ್ಯೆ ಏರಬಹುದೇ ಹೊರತು ಇಳಿಯುವಂತಿಲ್ಲ ಎಂಬುದು ನಿಯಮ. ಹಾಗಾಗಿ ಹೊಸ ಪೊಟ್ಟಣಕ್ಕೆ ಇಟ್ಟ ಹೆಸರಿನ ಅರ್ಥ ‘5.6.1, ನಿಜವಾಗಿ 5.4.5’! ವ್ಯತ್ಯಾಸ ಇಷ್ಟೇ: ಅವರ ‘ನಿಜವಾಗಿ’ಯ ಹಿಂದೆ ಏನಿದೆ ಎಂದು ಯಾರು ಬೇಕಾದರೂ ದಾಖಲೆ ತೆರೆದು ನೋಡಬಹುದು. ನಿಮ್ಮ ‘ನಿಜವಾದ ಫೈನಲ್’ನ ಹಿಂದೆ ಏನಿದೆ ಎಂದು ಒಂದು ತಿಂಗಳ ನಂತರ ನಿಮಗೇ ಗೊತ್ತಿರುವುದಿಲ್ಲ.

ಮುಂದಿನ ಪ್ರಾಜೆಕ್ಟಿನಲ್ಲಿ ಹೀಗೆ ಮಾಡಿ ನೋಡಿ. ಮೊದಲ ದಿನವೇ ಒಂದು ಗಿಟ್ ಭಂಡಾರ ತೆರೆಯಿರಿ. ಅದಕ್ಕೆ ಇಂಟರ್ನೆಟ್ಟೂ ಬೇಡ, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ದಿನದ ಕೆಲಸ ಮುಗಿದಾಗ ಕಾರಣ ಬರೆದು ಕಮಿಟ್ ಮಾಡಿ. ‘ಏನೋ ಸರಿಮಾಡಿದೆ’ ಎಂದಲ್ಲ. ‘ಹೆಸರಿನಲ್ಲಿ ಕನ್ನಡ ಅಕ್ಷರ ಬಂದರೆ ನಿಂತುಹೋಗುತ್ತಿತ್ತು, ಸರಿಪಡಿಸಿದೆ’ ಎಂದು. ಕಟ್ಟುವ ವಿಧಾನವನ್ನು ಒಂದು ಪುಟ್ಟ ಕಡತದಲ್ಲಿ ಬರೆದು ಅದನ್ನೂ ಭಂಡಾರದಲ್ಲೇ ಇಡಿ. ಅಧ್ಯಾಪಕರಿಗೆ ಒಪ್ಪಿಸುವ ದಿನ ಟ್ಯಾಗ್ ಹಾಕಿ. ಆಮೇಲೆ ಮುಖ್ಯವಾದದ್ದು: ಗೆಳೆಯನ ಕಂಪ್ಯೂಟರಿನಲ್ಲಿ ಒಂದು ಖಾಲಿ ಕಡತಕೋಶ ತೆರೆದು, ಆ ಟ್ಯಾಗನ್ನು ಇಳಿಸಿ, ನೀವು ಬರೆದಿಟ್ಟ ವಿಧಾನದಿಂದ ಮಾತ್ರ ಕಟ್ಟಿ. ಬಾಯಲ್ಲಿ ಹೇಳಿಕೊಡುವಂತಿಲ್ಲ! ಕಟ್ಟಲಾಗದಿದ್ದರೆ ನಿಮ್ಮ ಪ್ರಾಜೆಕ್ಟ್ ಇನ್ನೂ ಮುಗಿದಿಲ್ಲವೆಂದೇ ಅರ್ಥ. ತಂತ್ರಾಂಶದೊಳಗೆ ಆವೃತ್ತಿಯ ಸಂಖ್ಯೆಯನ್ನು ಕೈಯಿಂದ ಬರೆಯುವ ಬದಲು, ಗಿಟ್‌ನ ‘ಡಿಸ್ಕ್ರೈಬ್’ ಎಂಬ ಆಜ್ಞೆಯಿಂದ ಪಡೆದು ಸೇರಿಸಿದರೆ, ಯಾವ ಪ್ರತಿ ಯಾವ ಕಮಿಟ್‌ನದು ಎಂದು ಅದೇ ಹೇಳುತ್ತದೆ.

ಇದರಲ್ಲಿ ಕೈ ಕುದುರಿದವರು ನಿಜವಾದ ಪೊಟ್ಟಣವೊಂದನ್ನು ಬಿಚ್ಚಿ ನೋಡಬಹುದು. ಡೆಬಿಯನ್‌ನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಶೈಲಿಗಳ ಪೊಟ್ಟಣಗಳಿವೆ. ಗಾತ್ರದಲ್ಲಿ ಚಿಕ್ಕವು, ಮೂಲ ಎಲ್ಲರಿಗೂ ಮುಕ್ತ. ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್ ಎಂಬ ಆ ಮೂರು ಕಡತಗಳನ್ನು ಒಮ್ಮೆ ಓದಿ. ನೀವು ಪರದೆಯ ಮೇಲೆ ಓದುವ ಕನ್ನಡ ಅಕ್ಷರದ ಹಿಂದೆಯೂ ಯಾರೋ ತಾರೀಖು ಹಾಕಿ ಕಾರಣ ಬರೆದಿಟ್ಟಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ.

ಪೋಷಕರಿಗೂ ಒಂದು ಮಾತು. ಈ ಸಲಕರಣೆಗಳಿಗೆಲ್ಲ ನೀವು ಒಂದು ಪೈಸೆಯನ್ನೂ ತೆರಬೇಕಿಲ್ಲ. ಹಳೆಯ ಕಂಪ್ಯೂಟರಾದರೂ ನಡೆದೀತು. ಸಾವಿರಾರು ರೂಪಾಯಿ ಕೊಟ್ಟು ಇನ್ನೊಂದು ಸರ್ಟಿಫಿಕೇಟ್ ಕೋರ್ಸಿಗೆ ಸೇರಿಸುವ ಮುಂಚೆ ಮಗನನ್ನೋ ಮಗಳನ್ನೋ ಕರೆದು, ‘ನಿ‌ನ್ನ ಪ್ರಾಜೆಕ್ಟಿನ ದಾಖಲೆ ತೋರಿಸು, ಇದನ್ನು ಬೇರೆಯವರು ನಿನ್ನ ಸಹಾಯವಿಲ್ಲದೆ ಕಟ್ಟಬಹುದೇ?’ ಎಂದು ಕೇಳಿ. ನಿಮಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. ತಾರೀಖು, ಹೆಸರು, ಕಾರಣ ಮೂರೂ ಇವೆಯೇ ಎಂದು ನೋಡಲು ಮನೆ ಖರ್ಚಿನ ಲೆಕ್ಕ ಬರೆದ ಅನುಭವವೇ ಸಾಕು. ಪ್ರಾಜೆಕ್ಟನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸಿದ್ದರೆ ಅದೂ ಅಲ್ಲೇ ತಿಳಿಯುತ್ತದೆ: ಆರು ತಿಂಗಳ ಕೆಲಸಕ್ಕೆ ಒಂದೇ ಒಂದು ಕಮಿಟ್ ಇರುತ್ತದೆ, ಅದೂ ಕೊನೆಯ ದಿನದ್ದು!

ಫ್ರಾಯಿಂಡ್ ಅವರ ಅರ್ಧ ಸೆಕೆಂಡು ಒಂದು ಅದೃಷ್ಟ. ಪ್ರತಿ ಸಲ ಅಂಥ ಕಿವಿ ಇರುವವರು ಬಾಗಿಲ ಬಳಿ ಇರುತ್ತಾರೆಂಬ ಭರವಸೆಯಿಲ್ಲ. ಅದಕ್ಕೇ ಕೊಂಡಿಯನ್ನು ಗಟ್ಟಿ ಮಾಡಬೇಕಾಗಿದೆ. ನಾಳೆ ನಮ್ಮ ಬ್ಯಾಂಕು, ಆಸ್ಪತ್ರೆ, ರೈಲುಗಳಲ್ಲಿ ಓಡುವ ತಂತ್ರಾಂಶಕ್ಕೆ ಪೊಟ್ಟಣ ಕಟ್ಟುವವರು ಇಂದಿನ ನಿಮ್ಮ ಮಕ್ಕಳೇ. ಪುಸ್ತಕದಲ್ಲಿ ಬರೆದದ್ದನ್ನೇ ಗಿರಣಿಗೆ ಹಾಕುವ ಅಭ್ಯಾಸ ಅವರಿಗೆ ಈಗಲೇ ಆಗಲಿ.